ಪಟ್ಟಿಯಲ್ಲಿ ಹೆಸರಿತ್ತು, ತಲೆ ಮೇಲೆ ಸೂರಿರಲಿಲ್ಲ

ಮನೆಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುವುದು ನಮ್ಮ ಪಂಚಾಯಿತಿಗಳಲ್ಲಿ ಮಾತ್ರ ನಡೆಯುವ ಕಥೆಯಲ್ಲ. ದಕ್ಷಿಣ ಆಫ್ರಿಕಾದ ಬಡವರೂ ಹೀಗೇ ಕಾದರು. ಕೊನೆಗೆ ಕೋರ್ಟಿಗೆ ಹೋದರು.

ಕೇಪ್‌ಟೌನ್ ನಗರದ ಅಂಚಿನಲ್ಲಿ ವಾಲೇಸ್‌ಡೀನ್ ಎಂಬ ಜೋಪಡಿಗಳ ಊರು. ಅಲ್ಲಿ ನಲ್ಲಿ ಇರಲಿಲ್ಲ, ಚರಂಡಿ ಇರಲಿಲ್ಲ. ಕರೆಂಟು ಇದ್ದದ್ದು ನೂರಕ್ಕೆ ಐದು ಜೋಪಡಿಗೆ ಮಾತ್ರ. ಬಿಳಿಯರ ಆಳ್ವಿಕೆಯಲ್ಲಿ ಕರಿಯರು ನಗರಕ್ಕೆ ಬಂದು ನೆಲೆಸದಂತೆ ಕಾಯ್ದೆಗಳೇ ಇದ್ದವು. 1994ರಲ್ಲಿ ಆ ಆಳ್ವಿಕೆ ಮುಗಿಯಿತು. 1996ರ ಹೊಸ ಸಂವಿಧಾನದ 26ನೇ ವಿಧಿ, ಯೋಗ್ಯ ವಸತಿ ಪಡೆಯುವುದು ಎಲ್ಲರ ಹಕ್ಕು ಎಂದಿತು. ಆದರೂ ವಾಲೇಸ್‌ಡೀನ್‌ನ ಕೆಲವರು ಅರ್ಜಿ ಹಾಕಿ ಏಳು ವರ್ಷ ಕಾದಿದ್ದರು.

1998ರ ಸೆಪ್ಟೆಂಬರ್ ಕೊನೆಗೆ ಹಲವು ಕುಟುಂಬಗಳು ಹತ್ತಿರದ ಖಾಲಿ ಜಮೀನಿಗೆ ಹೋಗಿ ಜೋಪಡಿ ಹಾಕಿದವು. ಇರೀನ್ ಗ್ರೂಟ್‌ಬೂಮ್ ಎಂಬ ಹೆಣ್ಣುಮಗಳೂ ಅವರಲ್ಲಿದ್ದರು. ಅದು ಖಾಸಗಿ ಜಮೀನು, ಆದರೆ ಬಡವರ ಮನೆಗಳಿಗೆಂದೇ ಗುರುತಿಸಿದ್ದ ಜಾಗ. ಮಾಲೀಕರು ಕೋರ್ಟ್ ಆದೇಶ ತಂದರು. 1999ರ ಮೇ ತಿಂಗಳಲ್ಲಿ, ಅಲ್ಲಿನ ಚಳಿ-ಮಳೆಗಾಲದ ಹೊಸ್ತಿಲಲ್ಲಿ, ಬುಲ್ಡೋಜರ್ ಬಂತು. ಜೋಪಡಿಗಳನ್ನು ಕೆಡವಿ ಸುಟ್ಟರು. ಮನೆಸಾಮಾನೂ ಹಾಳಾಯಿತು. ವಾಪಸ್ ಹೋಗೋಣವೆಂದರೆ ಹಳೆಯ ಜಾಗದಲ್ಲಿ ಬೇರೆಯವರು ಕೂತಿದ್ದರು. ದಿಕ್ಕು ತೋಚದೆ ಊರಿನ ಆಟದ ಮೈದಾನದಲ್ಲಿ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡು ಉಳಿದರು. ಕೋರ್ಟಿನ ಕಡತದಲ್ಲಿ ಲೆಕ್ಕವಿದೆ: ದೊಡ್ಡವರು 390, ಮಕ್ಕಳು 510.

2000ರ ಅಕ್ಟೋಬರ್ 4ರಂದು ಅಲ್ಲಿನ ಸಂವಿಧಾನ ನ್ಯಾಯಾಲಯ ತೀರ್ಪು ಕೊಟ್ಟಿತು. ಕೇಳಿದ ಕೂಡಲೇ ಎಲ್ಲರಿಗೂ ಮನೆ ಕೊಡಿ ಎಂದು ಅದು ಹೇಳಲಿಲ್ಲ. ಸರ್ಕಾರ ತನ್ನ ಕೈಲಾದಷ್ಟು ಹಂತಹಂತವಾಗಿ ಕೊಡಬಹುದು ಎಂದಿತು. ಆದರೆ ದೊಡ್ಡ ಯೋಜನೆ ಮಾಡಿ, ಈ ಹೊತ್ತು ಸೂರೇ ಇಲ್ಲದವರನ್ನು ಅದರಿಂದ ಹೊರಗಿಟ್ಟರೆ ಸಂವಿಧಾನ ಮೀರಿದಂತೆ ಎಂದು ಸ್ಪಷ್ಟವಾಗಿ ಬರೆಯಿತು. ಇದಾದ ಮೇಲೆ 2004ರಲ್ಲಿ ಅಲ್ಲಿ ತುರ್ತು ವಸತಿ ಯೋಜನೆ ಬಂತು.

ಇರೀನ್ ಹೆಸರಿನ ಆ ಕೇಸನ್ನು ಹಲವು ದೇಶಗಳ ಕಾನೂನು ವಿದ್ಯಾರ್ಥಿಗಳು ಓದುತ್ತಾರೆ. ಆಕೆ ಮಾತ್ರ 2008ರಲ್ಲಿ ತೀರಿಕೊಂಡಾಗಲೂ ಜೋಪಡಿಯಲ್ಲೇ ಇದ್ದರು.

ನಮ್ಮ ಸಂವಿಧಾನದಲ್ಲಿ ವಸತಿಗೆಂದೇ ಪ್ರತ್ಯೇಕ ವಿಧಿ ಇಲ್ಲ. 21ನೇ ವಿಧಿ ಕೊಡುವ ಜೀವಿಸುವ ಹಕ್ಕಿನಲ್ಲೇ ಸೂರಿನ ಹಕ್ಕೂ ಸೇರಿದೆ ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಹಕ್ಕು ಕಾಗದದಲ್ಲಿದ್ದರೆ ಸಾಲದು, ಬೆನ್ನುಹತ್ತಿ ಕೇಳುವವರೂ ಬೇಕು. ಮುಂದಿನ ಗ್ರಾಮಸಭೆಯಲ್ಲಿ ಎಷ್ಟು ಮನೆ ಮಂಜೂರಾಯಿತು ಎಂದು ಕೇಳುವಾಗ ಇನ್ನೊಂದು ಪ್ರಶ್ನೆಯನ್ನೂ ಕೇಳಿ: ಮಳೆಗೆ ಮನೆ ಬಿದ್ದವರು ಈ ರಾತ್ರಿ ಎಲ್ಲಿ ಮಲಗುತ್ತಾರೆ?