ಇಪ್ಪತ್ತು ರೂಪಾಯಿಯ ಲೆಕ್ಕ

ಬಡತನವು ಕಣ್ಣಿಗೆ ಕಾಣುವ ಸಂಗತಿ; ಅದನ್ನು ಎಣಿಸಿ ತೋರಿಸುವ ಅಗತ್ಯವೇನು ಎಂದು ಕೆಲವರಿಗೆ ಅನ್ನಿಸಬಹುದು. 19ನೆಯ ಶತಮಾನದ ಭಾರತದಲ್ಲಿ ಆ ಅಗತ್ಯವಿತ್ತು. ರಫ್ತು ಏರಿದೆ, ರೈಲು ಬಂದಿದೆ, ಆದುದರಿಂದ ಪ್ರಜೆಗಳು ಸುಖವಾಗಿದ್ದಾರೆ ಎಂಬುದು ಆಳುವವರ ವಾದವಾಗಿತ್ತು. ಈ ವಾದಕ್ಕೆ ಅಂಕಿಗಳಿಂದಲೇ ಉತ್ತರವಿತ್ತವರು ದಾದಾಭಾಯಿ ನವರೋಜಿ (1825–1917).

1876ರಲ್ಲಿ ಈಸ್ಟ್ ಇಂಡಿಯಾ ಅಸೋಸಿಯೇಷನ್ನಿನ ಮುಂಬಯಿ ಶಾಖೆಯ ಮುಂದೆ ಅವರು ಭಾರತದ ಬಡತನವನ್ನು ಕುರಿತ ಪ್ರಬಂಧವನ್ನು ಓದಿದರು. ಬ್ರಿಟಿಷ್ ಭಾರತದಲ್ಲಿ ತಲೆಯೊಂದಕ್ಕೆ ವರ್ಷದ ಉತ್ಪನ್ನ 20 ರೂಪಾಯಿ ಎಂಬುದು ಅದರ ಸಾರ. ಲೆಕ್ಕಕ್ಕೆ ಅವರು ಬಳಸಿದ್ದು 1867–70ರ ಸುಮಾರಿನ ಸರ್ಕಾರದ ವರದಿಗಳನ್ನೇ.

ಆ ವರದಿಗಳನ್ನು ಅವರು ಇದ್ದಂತೆಯೇ ಒಪ್ಪಲಿಲ್ಲವೆಂಬುದು ಇಲ್ಲಿ ಮುಖ್ಯ. ಅಧಿಕಾರಿಗಳು ಪ್ರಾಂತ್ಯದ ಸರಾಸರಿಯನ್ನು ತೆಗೆಯುವಾಗ ಜಿಲ್ಲೆಗಳ ಅಂಕಿಗಳನ್ನು ಕೂಡಿಸಿ ಜಿಲ್ಲೆಗಳ ಸಂಖ್ಯೆಯಿಂದ ಭಾಗಿಸುತ್ತಿದ್ದರು. ಉದಾಹರಣೆಗೆ, ಒಂದು ಜಿಲ್ಲೆಯ 1,00,000 ಎಕರೆಯಲ್ಲಿ ಎಕರೆಗೆ 300 ಸೇರು, ಇನ್ನೊಂದರ 10,000 ಎಕರೆಯಲ್ಲಿ ಎಕರೆಗೆ 600 ಸೇರು ಬೆಳೆಯುತ್ತದೆ ಎನ್ನೋಣ. ಅಧಿಕಾರಿಯ ಸರಾಸರಿ 450 ಸೇರು. ಭೂಮಿಯ ವಿಸ್ತಾರವನ್ನು ಗಣಿಸಿದರೆ ನಿಜವಾದ ಸರಾಸರಿ ಸುಮಾರು 327 ಸೇರು. ಕಾಗದದ ಮೇಲೆ ಬೆಳೆದ ಮಿಕ್ಕ ಧಾನ್ಯವನ್ನು ಯಾರೂ ಉಣ್ಣಲಾರರು. ನವರೋಜಿಯವರು ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದವರು. ಈ ದೋಷ ಅವರ ಕಣ್ಣಿಗೆ ಬಿದ್ದುದು ಸಹಜವೇ. ಬಿತ್ತಿದ ಎಕರೆ, ಎಕರೆಯ ಇಳುವರಿ, ಮಾರುಕಟ್ಟೆಯ ಧಾರಣೆ ಇವನ್ನು ಗುಣಿಸಿ, ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಅವರು ಲೆಕ್ಕ ಹಾಕಿದರು.

20 ರೂಪಾಯಿ ಹೆಚ್ಚೋ ಕಡಿಮೆಯೋ? ಇದನ್ನು ತಿಳಿಯಲು ಅವರು ಹಿಡಿದ ಅಳತೆಗೋಲು ಸೆರೆಮನೆ. ಕೈದಿಯ ಅನ್ನ ಬಟ್ಟೆಗಳಿಗೆ ಸರ್ಕಾರವೇ ಮಾಡುತ್ತಿದ್ದ ವೆಚ್ಚವನ್ನು ಎದುರಿಗಿಟ್ಟರು. ಅಪರಾಧಿಗೆ ದೊರೆಯುತ್ತಿದ್ದಷ್ಟೂ ಹೊಲದಲ್ಲಿ ದುಡಿಯುವವನಿಗೆ ದೊರೆಯುತ್ತಿರಲಿಲ್ಲ. ಆಳುವವರ ಲೆಕ್ಕದ ಪುಸ್ತಕದಿಂದಲೇ ಹೊರಟ ಈ ಮಾತಿಗೆ ಉತ್ತರ ಹೇಳುವುದು ಕಷ್ಟವಾಗಿತ್ತು.

ಅದೇ ವರ್ಷ ಮಳೆ ಕೈಕೊಟ್ಟಿತು. ಧಾತು, ಈಶ್ವರ ಸಂವತ್ಸರಗಳ ಆ ಬರದ ಭೀಕರತೆಯನ್ನು ಮೈಸೂರು ಸೀಮೆಯ ಜನಗಣತಿಯೇ ಹೇಳುತ್ತದೆ: 1871ರಲ್ಲಿ 50 ಲಕ್ಷವನ್ನು ಮೀರಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕಡಿಮೆ.

ಮುಂದೆ 1882ರಲ್ಲಿ ಅಧಿಕಾರಿಗಳು ತಲಾದಾಯ 27 ರೂಪಾಯಿ ಎಂದರು. 1901ರಲ್ಲಿ ವೈಸರಾಯ್ ಕರ್ಜನ್ 30 ರೂಪಾಯಿ ಎಂದನು. ಈ ವಾಗ್ವಾದ ದೀರ್ಘವಾದುದು.

ನವರೋಜಿಯವರ ವಿಧಾನದಲ್ಲಿಯೂ ಒಂದು ಕೊರತೆಯಿತ್ತೆಂಬುದನ್ನು ಒಪ್ಪಬೇಕು. ಅವರು ಎಣಿಸಿದ್ದು ವಸ್ತುಗಳನ್ನು ಮಾತ್ರ. ಬಟ್ಟೆ ನೇಯುವವನ ದುಡಿಮೆ ಅವರ ಲೆಕ್ಕಕ್ಕೆ ಬಂದಿತು. ಅದನ್ನು ಒಗೆಯುವ ಮಡಿವಾಳನ, ಕ್ಷೌರಿಕನ, ವೈದ್ಯನ, ಶಿಕ್ಷಕನ ಕಾಯಕ ಹೊರಗುಳಿಯಿತು. ಬೆಳೆದ ಸಂಪತ್ತಿನಿಂದಲೇ ಇವರಿಗೆ ಸಂಭಾವನೆ ಸಲ್ಲುವುದರಿಂದ ಮತ್ತೆ ಎಣಿಸಬೇಕಿಲ್ಲ ಎಂಬುದು ಅವರ ತರ್ಕ. ಈ ತರ್ಕ ಒಪ್ಪತಕ್ಕದ್ದಲ್ಲ. ಒಗೆದ ಬಟ್ಟೆಯೂ ಬದುಕಿಗೆ ಬೇಕಾದುದೇ ಅಲ್ಲವೆ?

ಇದನ್ನು ಸರಿಪಡಿಸಿದವರಲ್ಲಿ ಪ್ರಮುಖರು ಡಾ. ವಿ.ಕೆ.ಆರ್.ವಿ. ರಾವ್. 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆಯನ್ನು ಸ್ಥಾಪಿಸಿದವರು ಇವರೇ. ಬೇಸಾಯಕ್ಕೆ ಉತ್ಪನ್ನದ ಮೌಲ್ಯವನ್ನೂ ಸೇವಾವೃತ್ತಿಗಳಿಗೆ ದುಡಿಯುವವರ ಆದಾಯವನ್ನೂ ಹಿಡಿದು, 1931–32ರ ತಲಾದಾಯವನ್ನು ಅವರು 62 ರೂಪಾಯಿ ಎಂದು ಅಂದಾಜಿಸಿದರು. ಧಾರಣೆ ಬದಲಾಗಿದ್ದುದರಿಂದಲೂ ಎಣಿಕೆಯ ವ್ಯಾಪ್ತಿ ಹಿಗ್ಗಿದ್ದುದರಿಂದಲೂ ಇದನ್ನು ಹಳೆಯ 20 ರೂಪಾಯಿಯೊಡನೆ ನೇರವಾಗಿ ಹೋಲಿಸುವಂತಿಲ್ಲ.

ಹೀಗೆ ಮಡಿವಾಳನು ಲೆಕ್ಕದೊಳಕ್ಕೆ ಬಂದನು. ಮನೆಯಲ್ಲಿ ಬಟ್ಟೆ ಒಗೆಯುವ ಗೃಹಿಣಿ ಬರಲಿಲ್ಲ. ಕೂಲಿ ಪಡೆದು ಮಾಡಿದ ಅಡುಗೆ ರಾಷ್ಟ್ರೀಯ ಆದಾಯಕ್ಕೆ ಸೇರುತ್ತದೆ, ತಾಯಿ ಮಾಡಿದ ಅಡುಗೆ ಇಂದಿಗೂ ಸೇರುವುದಿಲ್ಲ. 2019ರಲ್ಲಿ ನಡೆದ ರಾಷ್ಟ್ರೀಯ ಕಾಲಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಮಹಿಳೆಯರು ದಿನಕ್ಕೆ ಸರಾಸರಿ 299 ನಿಮಿಷ, ಪುರುಷರು 97 ನಿಮಿಷ ದುಡಿಯುತ್ತಿದ್ದರು. ನಿಮಿಷಗಳೇನೋ ದಾಖಲೆಗೆ ಬಂದವು. ರೂಪಾಯಿಯ ಲೆಕ್ಕಕ್ಕೆ ಬಂದಿಲ್ಲ.