ದಸರೆಯ ಅಹವಾಲು: ಮೈಸೂರು ಪ್ರಜಾಪ್ರತಿನಿಧಿ ಸಭೆ

ಮೈಸೂರು ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿಗೆ ಸೇರಿದ್ದು 1881ರ ಅಕ್ಟೋಬರ್ 7ರಂದು. ಅದೇ ವರ್ಷದ ಮಾರ್ಚ್‌ನಲ್ಲಿ ಐವತ್ತು ವರ್ಷಗಳ ಬ್ರಿಟಿಷ್ ಕಮಿಷನರರ ಆಡಳಿತ ಮುಗಿದು, ಸಂಸ್ಥಾನ ಹತ್ತನೆಯ ಚಾಮರಾಜೇಂದ್ರ ಒಡೆಯರ ಕೈಗೆ ಬಂದಿತ್ತು. 1876–78ರ ಬರದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತಿದ್ದರು. ಬೊಕ್ಕಸದ ಮೇಲೆ ಬರಪರಿಹಾರದ ಸಾಲ ಕೂತಿತ್ತು. ಹಳ್ಳಿಯ ಕಷ್ಟ ಕಚೇರಿಯ ಕಾಗದಪತ್ರಗಳ ಮೂಲಕ ಮಾತ್ರ ತಿಳಿದರೆ ಸಾಲದು, ಅಲ್ಲಿಯವರ ಬಾಯಿಂದಲೇ ಕೇಳಬೇಕು ಎಂಬ ತಿಳಿವಳಿಕೆಯಿಂದ ದಿವಾನ ಸಿ. ರಂಗಾಚಾರ್ಲು ಈ ಸಭೆಯನ್ನು ಕರೆದರು. ಭಾರತದ ಯಾವ ದೇಶೀಯ ಸಂಸ್ಥಾನದಲ್ಲೂ ಇಂಥದ್ದು ಅಲ್ಲಿಯವರೆಗೆ ಇರಲಿಲ್ಲ.

ಮೊದಲ ಸಭೆಗೆ ಬಂದವರು 144 ಮಂದಿ: ತಾಲ್ಲೂಕುಗಳ ಜಮೀನ್ದಾರರು, ರೈತರು, ವರ್ತಕರು. ದಿವಾನರು ಹಿಂದಿನ ವರ್ಷದ ಆದಾಯ-ವೆಚ್ಚವನ್ನೂ ಮುಂದೆ ಮಾಡಲಿರುವ ಕೆಲಸಗಳನ್ನೂ ಓದಿ ಹೇಳುವುದು, ಆಮೇಲೆ ಸದಸ್ಯರು ತಮ್ಮ ಸೀಮೆಯ ಅಹವಾಲು ಮಂಡಿಸುವುದು, ಸರ್ಕಾರ ಉತ್ತರ ಕೊಡುವುದು — ಇದು ಸಭೆಯ ಪದ್ಧತಿಯಾಯಿತು. ಒಡೆದ ಕೆರೆ ಏರಿ, ಕಂದಾಯದ ಹೊರೆ, ಕಾಡಿನ ಕಟ್ಟಳೆ, ರಸ್ತೆ, ಶಾಲೆ ಎಲ್ಲವೂ ಅಲ್ಲಿ ಮಾತಿಗೆ ಬರುತ್ತಿದ್ದವು. ಸಭೆಗೆ ದಸರೆಯ ಕಾಲ ಗೊತ್ತುಮಾಡಿದ್ದು ಈ ಏರ್ಪಾಟಿನ ಹಿರಿಮೆ. ದಸರೆ ಬಂತೆಂದರೆ ದಿವಾನರು ಪ್ರಜೆಗಳ ಎದುರು ಕೂರಲೇಬೇಕು. ಅಧಿಕಾರಿಯ ಮನಸ್ಸಿಗೆ ಬಂದಾಗ ಮಾತ್ರ ತೆರೆಯುವ ಬಾಗಿಲು ಅದಾಗಿರಲಿಲ್ಲ.

ಆದರೆ ಕೇಳಿದ್ದನ್ನು ನಡೆಸಿಕೊಡಬೇಕೆಂಬ ಬದ್ಧತೆ ಸರ್ಕಾರಕ್ಕಿರಲಿಲ್ಲ. ಸಭೆಗೆ ಕಾನೂನು ಮಾಡುವ ಅಧಿಕಾರವೂ ಇರಲಿಲ್ಲ. ರಂಗಾಚಾರ್ಲು 1883ರಲ್ಲಿ ತೀರಿಕೊಂಡರು. ಅವರ ನಂತರ ದಿವಾನರಾದ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1891ರಿಂದ, ಸದಸ್ಯರನ್ನು ಚುನಾಯಿಸುವ ಪದ್ಧತಿ ಬಂತು. ಮತದ ಹಕ್ಕು ಮಾತ್ರ ಆಸ್ತಿ, ಕಂದಾಯ, ವಿದ್ಯೆ ಇದ್ದವರಿಗೇ ಉಳಿಯಿತು. ಕೂಲಿಯವರ, ಗೇಣಿದಾರರ ದನಿ ಸಭೆಯನ್ನು ಮುಟ್ಟಬೇಕಾದರೆ ಬೇರೆಯವರ ಬಾಯಿಂದಲೇ ಮುಟ್ಟಬೇಕಿತ್ತು. ಇದು ಈ ಸಭೆಯ ದೊಡ್ಡ ಕೊರತೆ.

ಕಾನೂನು ಮಾಡುವ ಕೆಲಸಕ್ಕೆಂದು 1907ರಲ್ಲಿ ನ್ಯಾಯವಿಧೇಯಕ ಸಭೆ ಬೇರೆಯಾಗಿ ಹುಟ್ಟಿತು. 1923ರ ಸುಧಾರಣೆಯಿಂದ ಪ್ರಜಾಪ್ರತಿನಿಧಿ ಸಭೆಗೆ ಶಾಸನದ ಆಧಾರ ದೊರೆತು, ಮಸೂದೆಗಳ ಬಗ್ಗೆ ಅಭಿಪ್ರಾಯ ಹೇಳುವ, ಆಯವ್ಯಯವನ್ನು ಚರ್ಚಿಸುವ ಹಕ್ಕು ಬಂತು. ಅಧ್ಯಕ್ಷರು ಆಗಲೂ ದಿವಾನರೇ. ಮುಂದೆ ಮುಖ್ಯಮಂತ್ರಿಯಾದ ಡಿ. ದೇವರಾಜ ಅರಸು 1941ರಲ್ಲಿ ಇದೇ ಸಭೆಗೆ ಆಯ್ಕೆಯಾಗಿ ಸಾರ್ವಜನಿಕ ಜೀವನಕ್ಕೆ ಬಂದರು. ಪ್ರಜೆಗಳಿಗೆ ಉತ್ತರ ಹೇಳುವ ಜವಾಬ್ದಾರಿ ಸರ್ಕಾರಕ್ಕಾಗಿ ನಡೆದ ಹೋರಾಟ ಗೆದ್ದ ಮೇಲೆ, 1949ರಲ್ಲಿ ಸಭೆ ವಿಸರ್ಜನೆಯಾಯಿತು.

ಆ ಸದಸ್ಯರಿಗಿಲ್ಲದ ಅಧಿಕಾರ ಇಂದಿನ ಶಾಸಕರಿಗಿದೆ, ಎಲ್ಲ ವಯಸ್ಕರ ಮತವೂ ಅವರ ಬೆನ್ನಿಗಿದೆ. ಗೊತ್ತಾದ ಕಾಲಕ್ಕೆ ಜನರ ಎದುರು ಕೂತು ಕೇಳಲೇಬೇಕೆಂಬ ಕಟ್ಟಳೆ ಮಾತ್ರ ಗ್ರಾಮಸಭೆಯ ಮಟ್ಟದಲ್ಲಿ ನಿಂತಿದೆ: 1993ರ ಪಂಚಾಯತ್ ರಾಜ್ ಅಧಿನಿಯಮದಂತೆ ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ವಿಧಾನಸಭಾ ಕ್ಷೇತ್ರಕ್ಕೂ ಅಂಥದೊಂದು ಕಟ್ಟಳೆ ಬರಬೇಕು.