ಹೊಗೆಯ ಬಣ್ಣ ಹೇಳುವ ಮಾತು

ನಮ್ಮ ತರ್ಕಶಾಸ್ತ್ರದ ಮೊದಲ ಪಾಠವೇ ಹೊಗೆಯದು. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆಯೆಂದು ಊಹಿಸಬೇಕು. ಅಡುಗೆಮನೆಯ ಒಲೆಯೇ ಅದಕ್ಕೆ ದೃಷ್ಟಾಂತ. ಶಿವಮೊಗ್ಗ, ಭದ್ರಾವತಿಗಳ ಗ್ಯಾರೇಜುಗಳಲ್ಲಿ ಸ್ಪ್ಯಾನರು ಹಿಡಿದ ಮಿಸ್ತ್ರಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಬೆಂಕಿ ಇದೆಯೆಂಬುದು ಅವರಿಗೆ ತಿಳಿದದ್ದೇ. ಅದು ಎಂತಹ ಬೆಂಕಿ, ಅದಕ್ಕೆ ಯಾವುದರ ಕೊರತೆ ಎಂಬುದನ್ನು ಹೊಗೆಯ ಬಣ್ಣದಿಂದ ಹೇಳುವ ವಿದ್ಯೆ ಅವರದು. ಆ ವಿದ್ಯೆಯ ಚರಿತ್ರೆಯನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಹಳೆಯ ಜೀಪನ್ನು ಇಂದಿಗೂ ಉಳಿಸಿಕೊಂಡಿರುವ ಶಿಷ್ಯರಿಗೂ ಬಂಧುಗಳಿಗೂ ಇದರಿಂದ ಪ್ರಯೋಜನವಾದೀತು. ಹೊಗೆಯನ್ನು ತಪ್ಪಾಗಿ ಓದಿದರೆ ಒಂದು ಫಿಲ್ಟರಿನಿಂದ ಮುಗಿಯುವ ಕೆಲಸಕ್ಕೆ ಇಡೀ ಎಂಜಿನನ್ನೇ ಬಿಚ್ಚಿಸಿ, ಒಂದು ವರ್ಷದ ಅಡಿಕೆಯ ಹಣವನ್ನು ಕಳೆದುಕೊಳ್ಳಬೇಕಾದೀತು.

ಹೊಗೆ ನಮ್ಮ ಸೀಮೆಗೆ ಹೊಸದಲ್ಲ. 1923ರ ಜನವರಿಯಲ್ಲಿ ಭದ್ರಾವತಿಯ ಮೈಸೂರು ಕಬ್ಬಿಣದ ಕಾರ್ಖಾನೆ ಆರಂಭವಾದಾಗ ಅದರ ಊದುಕುಲುಮೆ ಉರಿದದ್ದು ಮಲೆನಾಡಿನ ಕಾಡುಮರದ ಇದ್ದಿಲಿನಿಂದ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ಬಸ್ಸುಗಳೂ ಬೆನ್ನಿಗೆ ಕುಲುಮೆಯನ್ನು ಕಟ್ಟಿಕೊಂಡು ಇದ್ದಿಲಿನ ಗ್ಯಾಸಿನಲ್ಲಿ ಓಡಿದವು. ಹೊಗೆಯನ್ನು ಅಳೆಯುವ ಪ್ರಯತ್ನ ಇದಕ್ಕಿಂತಲೂ ಹಳೆಯದು. 1888ರಲ್ಲಿ ಫ್ರಾನ್ಸಿನ ಮ್ಯಾಕ್ಸಿಮಿಲಿಯನ್ ರಿಂಗೆಲ್‌ಮನ್ ಎಂಬ ಪ್ರಾಧ್ಯಾಪಕರು ಬಿಳಿಯಿಂದ ಕಪ್ಪಿನವರೆಗೆ ಮೆಟ್ಟಿಲು ಮೆಟ್ಟಿಲಾಗಿ ಗಾಢವಾಗುವ ಪಟವೊಂದನ್ನು ರಚಿಸಿದರು. ಚಿಮಣಿಯ ಹೊಗೆಯನ್ನು ಆ ಪಟದೊಡನೆ ಹೋಲಿಸಿ ಅಂಕ ಕೊಡುವುದು ಅವರ ಕ್ರಮ.

ರುಡಾಲ್ಫ್ ಡೀಸೆಲ್ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ತಮ್ಮ ಎಂಜಿನನ್ನು ಯಶಸ್ವಿಯಾಗಿ ಓಡಿಸಿ ತೋರಿಸಿದ್ದು 1897ರಲ್ಲಿ. ಅದು ರಸ್ತೆಯ ವಾಹನಗಳಲ್ಲಿ ನೆಲೆಯೂರಲು ಬಾಷ್ ಸಂಸ್ಥೆಯ ಇಂಧನ ಪಂಪು ಬೇಕಾಯಿತು. ಅದರ ತಯಾರಿಕೆ ಮೊದಲಾದದ್ದು 1927ರಲ್ಲಿ. ನಮ್ಮ ದೇಶದಲ್ಲಿ 1954ರಿಂದ ಜಮ್ಷೆಡ್‌ಪುರದಲ್ಲಿ ಟಾಟಾದವರು ಡೈಮ್ಲರ್-ಬೆಂಜ್ ಸಹಯೋಗದಲ್ಲಿ ಲಾರಿಗಳನ್ನು ತಯಾರಿಸಿದರು. 1955ರಲ್ಲಿ ಮದರಾಸಿನ ಅಶೋಕ್ ಮೋಟಾರ್ಸ್ ಅಶೋಕ್ ಲೇಲ್ಯಾಂಡ್ ಆಯಿತು. ಪಂಪು, ನಾಜಲುಗಳನ್ನು ತಯಾರಿಸಲು 1951ರಲ್ಲಿ ಬೆಂಗಳೂರಿನಲ್ಲಿ ಮೈಕೋ ಸಂಸ್ಥೆ ಹುಟ್ಟಿತು. ಮುಂದೆ ಡೀಸೆಲ್ ಜೀಪು, ಮೆಟಡೋರ್, 1980ರಲ್ಲಿ ಡೀಸೆಲ್ ಅಂಬಾಸಿಡರ್ ಬಂದವು. ಭದ್ರಾವತಿಯಿಂದ ಶಿವಮೊಗ್ಗೆಯ ಮೂಲಕ ಸಾಗರದತ್ತ ಸಾಗುವ ಬಿ.ಎಚ್. ರಸ್ತೆಯ ಮೇಲೆ ಇವೆಲ್ಲವೂ ತಮ್ಮ ತಮ್ಮ ಬಣ್ಣದ ಹೊಗೆಯನ್ನು ಬಿಡುತ್ತ ಓಡಿದವು.

ಬಣ್ಣದ ಅರ್ಥ ತಿಳಿಯಲು ಎಂಜಿನಿನ ಧರ್ಮವನ್ನು ಅರಿಯಬೇಕು. ಡೀಸೆಲ್ ಎಂಜಿನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಗಾಳಿಯನ್ನು ಬಲವಾಗಿ ಒತ್ತಿದಾಗ ಅದು ಕಾಯುತ್ತದೆ. ಆ ಕಾದ ಗಾಳಿಗೆ ನಾಜಲು ಸರಿಯಾದ ಗಳಿಗೆಯಲ್ಲಿ ಎಣ್ಣೆಯನ್ನು ಮಂಜಿನಂತೆ ಸಿಂಪಡಿಸಿದರೆ ಬೆಂಕಿ ತಾನಾಗಿ ಹೊತ್ತಿಕೊಳ್ಳುತ್ತದೆ. ಎಣ್ಣೆಗೆ ತಕ್ಕ ಗಾಳಿ ದೊರೆಯದಿದ್ದರೆ ಹೊಗೆ ಕಪ್ಪು. ಶಾಖ ಸಾಲದಿದ್ದರೆ ಬಿಳಿ. ಉರಿಯಬಾರದ ವಸ್ತು ಉರಿದರೆ ನೀಲಿ. ಮಿಸ್ತ್ರಿಯ ವಿದ್ಯೆಯೆಲ್ಲ ಈ ಮೂರು ಸೂತ್ರಗಳ ಭಾಷ್ಯ.

ಕಪ್ಪು ಹೊಗೆಯೆಂದರೆ ಅರೆಬೆಂದ ಇಂಗಾಲ. ಧೂಳಿನಿಂದ ಕಟ್ಟಿಕೊಂಡ ಏರ್ ಫಿಲ್ಟರ್, ಸಿಂಪಡಿಸುವ ಬದಲು ತೊಟ್ಟಿಕ್ಕುವ ನಾಜಲು, ಅಳತೆ ಮೀರಿ ಎಣ್ಣೆ ಕೊಡುವ ಪಂಪು, ಹೊರಲಾರದ ಹೊರೆ, ಇವೇ ಅದರ ಮುಖ್ಯ ಕಾರಣಗಳು. ಬೇಸಿಗೆಯ ಮಣ್ಣುರಸ್ತೆಯಲ್ಲಿ ಓಡಿದ ಜೀಪು ಹಠಾತ್ತನೆ ಕಪ್ಪು ಉಗುಳತೊಡಗಿದರೆ ಮೊದಲು ಫಿಲ್ಟರನ್ನೇ ನೋಡಬೇಕು.

ಬಿಳಿಯಲ್ಲಿ ಎರಡು ಬಗೆ. ಮುಂಜಾನೆಯ ಚಳಿಯಲ್ಲಿ ಕಾಣಿಸಿ, ಕಣ್ಣುರಿಸುತ್ತ, ಹಸಿ ಡೀಸೆಲಿನ ವಾಸನೆ ಬೀರಿ ಎಂಜಿನ್ ಕಾದೊಡನೆ ನಿಲ್ಲುವುದು ಉರಿಯದೆ ಉಳಿದ ಎಣ್ಣೆಯ ಆವಿ. ಗ್ಲೋ ಪ್ಲಗ್ ಸತ್ತಿರಬಹುದು, ಸಿಂಪಡಿಕೆಯ ಟೈಮಿಂಗ್ ಹಿಂದೆ ಬಿದ್ದಿರಬಹುದು, ಇಲ್ಲವೆ ಕಂಪ್ರೆಶನ್ ಕುಗ್ಗಿರಬಹುದು. ಎಂಜಿನ್ ಕಾದ ಮೇಲೆಯೂ ಬರುತ್ತ, ಗಾಳಿಯಲ್ಲಿ ಬೇಗ ಕರಗುತ್ತ, ರೇಡಿಯೇಟರಿನ ನೀರನ್ನು ದಿನದಿನಕ್ಕೆ ಕಡಿಮೆ ಮಾಡುವ ಬಿಳಿಯಾದರೆ ಅದು ನೀರಿನ ಹಬೆ. ಹೆಡ್ ಗ್ಯಾಸ್ಕೆಟ್ ಹೋಗಿದೆ ಅಥವಾ ಹೆಡ್ ಬಿರುಕು ಬಿಟ್ಟಿದೆ ಎಂದು ಶಂಕಿಸಬೇಕು. ಅಂತಹ ಗಾಡಿಯನ್ನು ಓಡಿಸಬಾರದು.

ನೀಲಿ ಹೊಗೆ ಎಂಜಿನ್ ಆಯಿಲಿನದು. ಇಲ್ಲಿ ಬಣ್ಣದಷ್ಟೇ ಸಮಯವೂ ಮುಖ್ಯ. ರಾತ್ರಿ ನಿಂತ ಗಾಡಿ ಬೆಳಗ್ಗೆ ಒಮ್ಮೆ ನೀಲಿ ಉಗುಳಿ ಸುಮ್ಮನಾದರೆ, ಅಥವಾ ಘಾಟಿಯನ್ನು ಗೇರಿನ ಹಿಡಿತದಲ್ಲಿ ಇಳಿದು ಕೆಳಗೆ ಆಕ್ಸಲರೇಟರ್ ಒತ್ತಿದಾಗ ಉಗುಳಿದರೆ, ವಾಲ್ವ್ ಗೈಡುಗಳು ಸವೆದಿವೆಯೆಂದು ಶಂಕೆ. ಹೊರೆಯೊಡನೆ ಏರುವಾಗಲೆಲ್ಲ ನೀಲಿ ಬಂದು, ಆಯಿಲ್ ತುಂಬುವ ಮುಚ್ಚಳ ತೆಗೆದರೆ ಅಲ್ಲಿಂದಲೂ ಹೊಗೆ ಬುಸುಗುಟ್ಟಿದರೆ ಪಿಸ್ಟನ್ ರಿಂಗು, ಲೈನರುಗಳು ಸವೆದಿವೆ. ಬೋರಿಂಗ್ ಕೆಲಸಕ್ಕೆ ನ್ಯಾಯವಾದ ಕಾರಣವೆಂದರೆ ಇದೊಂದೇ.

ಒಳ್ಳೆಯ ಮಿಸ್ತ್ರಿಯ ಗುರುತು ಅವನು ಅನುಸರಿಸುವ ಕ್ರಮ. ಹೊಗೆಕೊಳವೆಯ ಬಾಯಿಗೆ ಬಿಳಿಯ ಬಟ್ಟೆ ಹಿಡಿದು ಒಣ ಮಸಿಯೋ, ಜಿಡ್ಡೋ, ತೇವವೋ ಎಂದು ನೋಡುತ್ತಾನೆ. ಅನಂತರ ಅಗ್ಗದ್ದು ಮೊದಲು, ದುಬಾರಿಯದು ಕೊನೆಗೆ: ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್, ನಾಜಲು, ಟೈಮಿಂಗ್, ಪಂಪು, ಟ್ಯಾಪೆಟ್, ಕಂಪ್ರೆಶನ್. ನಾಜಲನ್ನು ಪರೀಕ್ಷಿಸುವಾಗ ಅದರ ಸಿಂಪಡಿಕೆಗೆ ಕೈಯೊಡ್ಡಬಾರದು. ಆ ಒತ್ತಡಕ್ಕೆ ಎಣ್ಣೆ ಚರ್ಮವನ್ನು ಭೇದಿಸಿ ಒಳಹೋಗುತ್ತದೆ. ಈ ಕ್ರಮವನ್ನು ತಲೆಕೆಳಗು ಮಾಡಿ ಮೊದಲೇ ಎಂಜಿನ್ ಇಳಿಸುವವನಿಗೆ ಹೊಗೆಯ ಭಾಷೆ ಬಾರದೆಂದೇ ತಿಳಿಯಬೇಕು.

ಒಂದು ಕಾಲದಲ್ಲಿ ಕಪ್ಪು ಹೊಗೆಯನ್ನು ದೋಷವೆಂದೇ ಎಣಿಸುತ್ತಿರಲಿಲ್ಲ. ಘಾಟಿ ಏರಲು 'ಪಿಕಪ್' ಬೇಕೆಂದು ಪಂಪಿನ ಸೀಲು ಒಡೆದು ಸ್ಕ್ರೂ ತಿರುಗಿಸಿ ಹೆಚ್ಚು ಎಣ್ಣೆ ಹರಿಸುವುದಿತ್ತು; ಹೊಗೆಯೇ ಶಕ್ತಿಯ ಲಕ್ಷಣವೆಂಬ ಭ್ರಮೆ. ಉರಿಯದ ಎಣ್ಣೆಯಿಂದ ಶಕ್ತಿ ಹುಟ್ಟುವುದಿಲ್ಲ. ಮಾಲೀಕನ ಹಣ ಆಕಾಶಕ್ಕೆ ಹೋಗುತ್ತದೆ, ಮಸಿ ಹಿಂದೆ ನಡೆದು ಬರುವ ಶಾಲೆಯ ಮಕ್ಕಳ ಎದೆಗೆ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಸಾಲಿಗೆ ಸೇರಿಸಿತು.

ಕಾನೂನು ಹೊಗೆಗೆ ಅಂಕೆ ಹಾಕಿದ್ದು ಕೇಂದ್ರ ಮೋಟಾರು ವಾಹನ ನಿಯಮಗಳ ಮೂಲಕ, 1989ರಲ್ಲಿ. ಗೇರಿಲ್ಲದೆ ನಿಂತ ಗಾಡಿಯ ಆಕ್ಸಲರೇಟರನ್ನು ಪೂರ್ತಿ ಒತ್ತಿ, ಹೊಗೆಯ ಮೂಲಕ ಬೆಳಕು ಹಾಯಿಸಿ, ಎಷ್ಟು ಬೆಳಕು ತಡೆಯಲ್ಪಟ್ಟಿತೆಂದು ಅಳೆಯುವ ಪದ್ಧತಿ ಅದು. ಹಳೆಯ ಡೀಸೆಲ್ ಗಾಡಿಗಳಿಗೆ ಮಿತಿ 65 ಹಾರ್ಟ್‌ರಿಜ್ ಮಾನ, ಬಿ.ಎಸ್. 4 ದರ್ಜೆಯವಕ್ಕೆ 50. ಅಂಕಿ ಬಂದದ್ದು ಒಳ್ಳೆಯದೇ ಆಯಿತು; ಕಣ್ಣಿಗೆ ಪಕ್ಷಪಾತವಿರಬಹುದು, ಯಂತ್ರಕ್ಕಿಲ್ಲ. ಆದರೆ ಅಂಕಿಯು ಹೊಗೆ ಎಷ್ಟೆಂಬುದನ್ನು ಮಾತ್ರ ಹೇಳುತ್ತದೆ, ಏಕೆಂಬುದನ್ನು ಹೇಳುವುದಿಲ್ಲ. 'ಏಕೆ' ಎಂಬುದಕ್ಕೆ ಬಣ್ಣ, ವಾಸನೆ, ಸಮಯಗಳನ್ನು ಬಲ್ಲ ಮನುಷ್ಯನೇ ಬೇಕು.

ಈಚಿನ ಗಾಡಿಗಳಲ್ಲಿ ಕಂಪ್ಯೂಟರು ಎಣ್ಣೆಯನ್ನು ಅಳೆಯುತ್ತದೆ, ಸೋಸುಗವು ಮಸಿಯನ್ನು ಹಿಡಿಯುತ್ತದೆ. 2020ರ ಏಪ್ರಿಲ್‌ನಿಂದ ದೇಶದ ಡೀಸೆಲಿನಲ್ಲಿ ಗಂಧಕದ ಮಿತಿ ಹತ್ತು ಲಕ್ಷದಲ್ಲಿ 10 ಪಾಲಿಗೆ ಇಳಿಯಿತು. ಹೊಗೆಯೇ ಕಾಣದು. ಹಾಗೆಂದು ನಿಶ್ಚಿಂತರಾಗುವಂತಿಲ್ಲ. ಕಣ್ಣಿಗೆ ಕಾಣದ ಸಾರಜನಕದ ಆಕ್ಸೈಡುಗಳನ್ನು ಪರೀಕ್ಷೆಯ ಹೊತ್ತಿಗೆ ಮಾತ್ರ ತಗ್ಗಿಸಿ ತೋರಿಸುವ ಮೋಸ ಫೋಕ್ಸ್‌ವ್ಯಾಗನ್ ಕಾರುಗಳಲ್ಲಿ 2015ರಲ್ಲಿ ಅಮೆರಿಕದಲ್ಲಿ ಬಯಲಾಯಿತು. ಇದನ್ನೂ ನಮ್ಮ ತಾರ್ಕಿಕರು ಬಲ್ಲರು. ಹೊಗೆಯಿದ್ದಲ್ಲಿ ಬೆಂಕಿಯುಂಟು, ಬೆಂಕಿಯಿದ್ದಲ್ಲೆಲ್ಲ ಹೊಗೆಯಿರಬೇಕೆಂದಿಲ್ಲ ಎಂದು ಹೇಳಿ ಅವರು ಕೊಟ್ಟ ದೃಷ್ಟಾಂತ ಕೆಂಪಗೆ ಕಾದ ಕಬ್ಬಿಣದ ಗುಂಡು. ಭದ್ರಾವತಿಯವರಿಗೆ ಆ ದೃಷ್ಟಾಂತವನ್ನು ವಿವರಿಸಿ ಹೇಳಬೇಕಾಗಿಲ್ಲ.